ಗಡಗಡ ಅನ್ನದ ಫ್ಯಾನು

"ಏನ್ರೀ, ಇದು ನನ್ನ ಫ್ಯಾನೇ ಅಲ್ಲ!"

ಫ್ಯಾನ್ ರಿಪೇರಿ ಅಂಗಡಿಯ ಮುಂದೆ ನಿಂತ ಹುಡುಗಿಯ ಕೂಗಿಗೆ ಎದುರಿನ ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವನೂ ಎದ್ದು ಬಂದ. ರಿಪೇರಿಯವನ ಹೊಟ್ಟೆ ಉರಿದುಹೋಯಿತು. ಬೈಗುಳ ಅವನಿಗೆ ಹೊಸದಲ್ಲ. ಸೋದರಮಾವ ಕಲಿಸಿದ ವಿದ್ಯೆಯೇ ಅಂಥದ್ದು: ರಿಪೇರಿಗೆ ಬಂದ ಫ್ಯಾನಿನಲ್ಲಿ ಒಂದು ಸ್ಕ್ರೂ ಸಡಿಲ ಬಿಟ್ಟು ಕಳಿಸಬೇಕು, ಅದು ಗಡಗಡ ಅನ್ನುತ್ತ ಮತ್ತೆ ಅಂಗಡಿಗೇ ಬರಬೇಕು. ಇದೊಂದಕ್ಕೆ ಮಾತ್ರ ಅವನು ಜೀವಮಾನದಲ್ಲೇ ಮೊದಲ ಸಲ ಎಲ್ಲ ಸ್ಕ್ರೂ ಬಿಗಿದಿದ್ದ. ಕೊಟ್ಟುಹೋಗುವಾಗ ಅವಳು "ಸೆಕೆಗೆ ಸಾಯ್ತಿದೀನಿ ಕಣ್ರೀ" ಎಂದು ನಕ್ಕಿದ್ದಳು. ಅಷ್ಟಕ್ಕೇ.

"ನಂದು ಹೊಚ್ಚ ಹೊಸದು. ಅಗೋ, ಆ ಶೆಲ್ಫ್ ಮೇಲಿರೋದು! ಅದನ್ನ ಬಚ್ಚಿಟ್ಟು ಈ ಡಬ್ಬಾ ಕೊಡ್ತಿದಾನೆ. ಹಾಕ್ ನೋಡಿ, ಗಡಗಡ ಅನ್ನತ್ತೆ!"

ಅವನು ಸ್ವಿಚ್ ಒತ್ತಿದ. ಟೇಬಲ್ ಫ್ಯಾನು ಕಮಕ್ ಕಿಮಕ್ ಅನ್ನದೆ ತಿರುಗಿತು. ಅರ್ಧ ಗಡ್ಡದವನ ಕೆನ್ನೆಯ ನೊರೆ ಹಾರಿ ಗಲ್ಲಾದಲ್ಲಿದ್ದ ಮಾವನ ಮೂಗಿನ ಮೇಲೆ ಕೂತಿತು. ಜಗಳ ಇಷ್ಟೇನಾ ಎಂದು ಗೊಣಗುತ್ತ ಜನ ಚದುರಿದರು.

ಅವಳು ಬಾಯಿ ತೆರೆದುಕೊಂಡೇ ನಿಂತಿದ್ದಳು. "ನಿಜವಾಗ್ಲೂ ರಿಪೇರಿ ಮಾಡಿದೀರಾ?"

"ಹೂಂ."

"ಯಾಕೆ?"

"ಸೆಕೆ ಅಂದ್ರಲ್ಲ."

ಅವಳ ಮುಖ ಕೆಂಪಗಾಯಿತು. "ಗುಜರೀಲಿ ಎತ್ಕೊಂಡಿದ್ದು ಇದು. ಹೀಗೆ ಕೂಗಾಡಿ ಎಷ್ಟೋ ಅಂಗಡೀಲಿ ಹೊಸದು ಗಿಟ್ಟಿಸಿದೀನಿ. ಎಲ್ಲಾನೂ ಮಾರ್ಬಿಟ್ಟೆ, ಮನೇಲಿ ಇಟ್ಕೊಳ್ಳೋಕೆ ಅಂತ ಒಯ್ತಿರೋದು ಇದೊಂದೇ." ಫ್ಯಾನನ್ನು ಮಗುವಿನಂತೆ ಎತ್ತಿಕೊಂಡು ಸರಸರ ಹೊರಟುಹೋದಳು.

ಮಾವ ಮೂಗು ಒರೆಸಿಕೊಂಡ. "ಲೋ ಮಂಕೇ, ಸರಿಯಾಗಿ ಮಾಡಿದ ಫ್ಯಾನು ವಾಪಸ್ ಬರತ್ತೇನೋ? ಇನ್ನು ಆ ಹುಡುಗಿ ಮುಖ ಕನಸಲ್ಲಿ ನೋಡ್ಕೋ."

ಮಾತು ಸುಳ್ಳಾಗಿರಲಿಲ್ಲ. ದಿನವೂ ಅಂಗಡಿಗೆ ಬರುತ್ತಿದ್ದವರೆಲ್ಲ ಬೇರೆಯವರು, ಗಡಗಡ ಅನ್ನುವ ಫ್ಯಾನು ಹೊತ್ತವರು. ಅವನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ತಿಳಿಯದೆ ಬಂದ ಫ್ಯಾನನ್ನೆಲ್ಲ ಬಿಗಿದು ಕಳಿಸತೊಡಗಿದ. ಮಾವ ತಲೆ ತಲೆ ಚಚ್ಚಿಕೊಂಡ.

ಒಂದು ಮಧ್ಯಾಹ್ನ ಅವಳು ಬಂದು ಮೇಜಿನ ಮೇಲೆ ಫ್ಯಾನಿಟ್ಟಳು. ಈ ಸಲ ಕೂಗಲಿಲ್ಲ.

"ಇದು ನನ್ನದೇ ಫ್ಯಾನು. ಗಡಗಡ ಅಂತಿದೆ."

"ಭಲೇ ಅಳಿಯ!" ಎಂದು ಮಾವ ಒಳಗಿನಿಂದಲೇ ಕುಣಿದ.

ಅವನು ಹಿಂಬದಿ ಬಿಚ್ಚಿದ. ಸ್ಕ್ರೂವಿನ ತಲೆಯನ್ನು ಯಾರೋ ಚಾಕುವಿನಿಂದ ಕೆರೆದು ಕೆರೆದು ಸಡಿಲಿಸಿದ್ದರು. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಅವಳು ಸೂರು ನೋಡುತ್ತಿದ್ದಳು.

"ಬಿಗಿ ಮಾಡ್ಲಾ?"

"ಮಾಡಿ. ಮನೇಲಿದ್ದ ಚಾಕು ಮೊಂಡಾಯ್ತು."

ಅವನು ಹೊಸ ಸ್ಕ್ರೂ ಹಾಕಿ ಬಿಗಿದ. ಸ್ಟೂಲು ಒರೆಸಿ ಅವಳತ್ತ ತಳ್ಳಿ, ಸ್ವಿಚ್ ಒತ್ತಿದ. ಫ್ಯಾನು ಸದ್ದಿಲ್ಲದೆ ಅವಳ ಕಡೆಗೊಮ್ಮೆ, ಇವನ ಕಡೆಗೊಮ್ಮೆ ಕತ್ತು ತಿರುಗಿಸತೊಡಗಿತು.