ಸೋಸಿದ ಆಯಿಲ್, ಸೊಸೆಯ ಆಯಿಲ್

ಗುಡುಗಣ್ಣನ ಬ್ರೆಡ್ ವ್ಯಾನಿನ ಹೆಸರು ರಾಣಿ. ರಾಣಿ ಒಮ್ಮೆ ಹಾರನ್ ಹೊಡೆದರೆ ಪಕ್ಕದೂರಿನ ತೊಟ್ಟಿಲ ಮಕ್ಕಳು ಎದ್ದು ಕೂತು ಬ್ರೆಡ್ ಕೇಳುತ್ತಿದ್ದವು. ಗುಡುಗಣ್ಣ ಅವಳನ್ನು ಒರೆಸಿದಷ್ಟು ಮುತುವರ್ಜಿಯಿಂದ ತನ್ನ ಮುಖವನ್ನೂ ಒರೆಸಿಕೊಂಡವನಲ್ಲ.

ಅವನ ಇನ್ನೊಂದು ಹೆಮ್ಮೆ ಸೊಸೆ. ಹಳೆ ಇಂಜಿನ್ ಆಯಿಲ್ ಶುದ್ಧ ಮಾಡುವ ಕಾರ್ಖಾನೆಯಲ್ಲಿ ಆಯಿಲ್ ಪರೀಕ್ಷೆ ಮಾಡುವುದು ಅವಳ ಕೆಲಸ. "ನಮ್ಮ ಸೊಸೆ ಒಂದು ಹನಿ ನೋಡಿದ್ರೆ ಸಾಕು, ಆ ಗಾಡಿ ಓಡಿಸಿದವನ ಅಜ್ಜನ ಹೆಸರೂ ಹೇಳ್ತಾಳೆ" ಎಂದು ಬೇಕರಿಯಲ್ಲಿ ಬಡಾಯಿ ಕೊಚ್ಚುತ್ತಿದ್ದ. ಅವಳ ಸ್ಕೂಟರಿನಲ್ಲಿ ಒಂದು ಸುತ್ತು ಹೊಡೆದು ಬಂದು, "ಬೆಕ್ಕಿನ ಹಾಗೆ ಗುರುಗುಡುತ್ತೆ, ಎಲ್ಲ ನನ್ನ ಕೈಗುಣ" ಎಂದೂ ಸೇರಿಸುತ್ತಿದ್ದ.

ಆ ಭಾನುವಾರ ರಾಣಿಗೆ ಆಯಿಲ್ ಬದಲಿಸುವ ದಿನ. ಗುಡುಗಣ್ಣ ಮಸಿಯಂಥ ಹಳೆ ಆಯಿಲನ್ನು ಬೋಗುಣಿಗೆ ಇಳಿಸಿಕೊಂಡು ಮೋರಿಯ ಕಡೆ ಹೊರಟ. ಸೊಸೆ ಅಡ್ಡ ಬಂದಳು.

"ಮಾವ, ನಿಲ್ಲಿ! ಅದು ನೆಲಕ್ಕಿಳಿದ್ರೆ ನಾವು ಕುಡಿಯೋ ನೀರೇ ಕೆಡುತ್ತೆ. ಈ ಡಬ್ಬಕ್ಕೆ ಹಾಕಿ, ನಮ್ಮ ಕಾರ್ಖಾನೆಗೆ ಬೇಕು. ರಾಣಿಗೆ ಇದನ್ನ ಹಾಕಿ." ಅವಳ ಕೈಯಲ್ಲಿ ಅವಳ ಕಾರ್ಖಾನೆಯಲ್ಲೇ ಶುದ್ಧ ಮಾಡಿದ ಆಯಿಲಿನ ಕ್ಯಾನಿತ್ತು.

ಗುಡುಗಣ್ಣ ಹಾವು ಕಂಡವನಂತೆ ಹಿಂದೆ ಸರಿದ. "ಬೇಡಮ್ಮ. ಯಾವುದೋ ಲಾರಿ ಕುಡಿದು ಉಗುಳಿದ್ದು. ನನ್ನ ರಾಣಿಗೆ ಎಂಜಲು ಕುಡಿಸ್ಲಾ?"

ಸೊಸೆಯ ಮುಖ ಸಣ್ಣದಾಯಿತು. "ನಾನು ಮಾಡೋದು ಎಂಜಲಿನ ಕೆಲಸ ಅಂತ ಇವತ್ತು ಗೊತ್ತಾಯ್ತು ಮಾವ" ಎಂದು ಕ್ಯಾನನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

ಗುಡುಗಣ್ಣನ ಸುಳ್ಳುಗಳಿಗೆ ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಬೋಗುಣಿ ಕೆಳಗಿಟ್ಟು, ಕಪ್ಪು ಕೈಗಳನ್ನು ಎತ್ತಿ ಹಿಡಿದುಕೊಂಡೇ ಅಡುಗೆಮನೆಗೆ ಓಡಿದ.

"ಕೋಪ ಮಾಡ್ಕೋಬೇಡ ತಾಯಿ. ಹಿಂದೆ ರಸ್ತೆ ಮೂಲೆಯವನ ಹತ್ರ ಬಿಡಿಯಾಗಿ ಮಾರೋ ಹಳೆ ಆಯಿಲ್ ತಂದು ಹಾಕಿದ್ದೆ. ಅವತ್ತು ರಾಣಿ ಬಿಟ್ಟ ಹೊಗೆಯೊಳಗೆ ಹೊಕ್ಕ ಕೊಕ್ಕರೆ ಕಾಗೆಯಾಗಿ ಹೊರಗೆ ಬಂತು! ನಡುರಸ್ತೆಯಲ್ಲೇ ಇಂಜಿನ್ ಹಿಡ್ಕೊಂಡು ನಿಂತ್ಬಿಡ್ತು."

ಸೊಸೆಯ ತುಟಿ ಅಲುಗಿತು, ನಗಲಿಲ್ಲ. "ಅವನು ಹಳೆ ಆಯಿಲ್‌ಗೆ ಏನು ಮಾಡ್ತಿದ್ದ?"

"ಬಟ್ಟೆಯಲ್ಲಿ ಸೋಸ್ತಿದ್ದ."

"ನಿಮ್ಮ ಭಯ ಸರಿ ಮಾವ, ಅದನ್ನ ಹಾಕ್ಲೇಬಾರದು. ಸೋಸಿದ್ರೆ ಕಣ್ಣಿಗೆ ಕಾಣೋ ಕಸ ಹೋಗುತ್ತೆ, ನೀರು, ಡೀಸೆಲ್, ಸಣ್ಣ ಮಸಿ ಅಲ್ಲೇ ಇರುತ್ತೆ. ನಾವು ಕಾಯಿಸಿ ನೀರು, ಡೀಸೆಲ್ ತೆಗೀತೀವಿ. ಆಮೇಲೆ ಆಯಿಲನ್ನೇ ಆವಿ ಮಾಡಿ ತಣಿಸ್ತೀವಿ, ಕೊಳೆ ಹಿಂದೆ ಉಳಿಯುತ್ತೆ. ಆಯಿಲ್ ಅಷ್ಟು ಬೇಗ ಸವೆಯಲ್ಲ ಮಾವ, ಕೊಳೆಯಾಗುತ್ತೆ. ಸವೆಯೋದು ಅದಕ್ಕೆ ಬೆರೆಸಿರೋ ರಾಸಾಯನಿಕ. ಅದನ್ನ ಹೊಸದಾಗಿ ಬೆರೆಸಿ, ಹೊಸ ಆಯಿಲ್‌ಗೆ ಮಾಡೋ ಪರೀಕ್ಷೆನೇ ಮಾಡ್ತೀವಿ. ಫೇಲಾದ್ರೆ ನಾನು ಹೊರಗೆ ಬಿಡಲ್ಲ."

"ಅಷ್ಟು ನಂಬಿಕೆ ಇದ್ರೆ ನಿನ್ನ ಸ್ಕೂಟರಿಗೆ ಹಾಕು ನೋಡೋಣ!"

ಪಾತ್ರೆ ತೊಳೆಯುತ್ತಿದ್ದ ಅತ್ತೆ ಫಕ್ಕನೆ ನಕ್ಕಳು. "ರೀ, ಎರಡು ವರ್ಷದಿಂದ ಅವಳು ಹಾಕ್ತಿರೋದೇ ಅವಳ ಕಾರ್ಖಾನೆ ಆಯಿಲ್. ಬೆಕ್ಕು ಗುರುಗುಡೋದು ನಿಮ್ಮ ಕೈಗುಣಕ್ಕಲ್ಲ!" ಕೈಯಲ್ಲಿದ್ದ ಲೋಟ ಎತ್ತಿ ತೋರಿಸಿದಳು. "ಇದರಲ್ಲಿ ಬೆಳಗ್ಗೆ ನಾನು ಕುಡಿದಿದ್ದೆ. ತೊಳೆದ ಮೇಲೂ ಎಂಜಲಾ? ಸೋಸಿದ ಆಯಿಲ್ ಬೇಡ ಅನ್ನಿ, ಒಪ್ತೀನಿ. ಸೊಸೆ ಆಯಿಲ್ ಬೇಡ ಅಂದ್ರೆ ಇವತ್ತು ನಿಮಗೆ ಊಟ ಇಲ್ಲ."

ಗುಡುಗಣ್ಣ ಬೋಗುಣಿಯ ಹಳೆ ಆಯಿಲನ್ನು ಸೊಸೆಯ ಡಬ್ಬಕ್ಕೆ ಹಾಕಿ, ಕೈ ತೊಳೆದು ಬಂದು, ಕ್ಯಾನಿನ ಸೀಲು ನೋಡಿದ, ಗುಣಮಟ್ಟದ ಗುರುತು ನೋಡಿದ, ರಾಣಿಯ ಕೈಪಿಡಿ ಹೇಳುವ ದರ್ಜೆಯೇ ಹೌದೆಂದು ಗಟ್ಟಿಯಾಗಿ ಓದಿದ. ರಾಣಿಗೆ ಸುರಿದ.

ಈಗ ಬೇಕರಿಯಲ್ಲಿ ಅವನ ವರಸೆಯೇ ಬೇರೆ. "ನಮ್ಮ ಸೊಸೆ ಆಯಿಲ್ ಹಾಕಿದ ಮೇಲೆ ರಾಣಿ ಎಷ್ಟು ಸದ್ದಿಲ್ಲದೆ ಓಡ್ತಾಳೆ ಅಂದ್ರೆ, ನಿಂತಿದ್ದಾಳೆ ಅನ್ಕೊಂಡು ಒಬ್ಬ ಬಂದು ಒರಗಿಕೊಂಡ!"

"ಮಾವ, ಹೊಸ ಆಯಿಲ್‌ನಷ್ಟೇ ಚೆನ್ನಾಗಿದೆ ಅನ್ನಿ, ಸಾಕು" ಎಂದಳು ಬೇಕರಿಗೆ ಬಂದಿದ್ದ ಸೊಸೆ.

"ಬರೀ ಅಷ್ಟೇ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕಮ್ಮ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗೆಳೆಯರೇ, ಗುಡುಗಣ್ಣನ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದುಬಿಡಿ. ಆದರೆ ಇಷ್ಟನ್ನು ಮಾತ್ರ ಬಿಡಬೇಡಿ. ಹಳೆ ಆಯಿಲನ್ನು ಮೋರಿಗೆ ಸುರಿಯದೆ, ಅದನ್ನು ಸಂಗ್ರಹಿಸಲು ಪರವಾನಗಿ ಇರುವವರಿಗೇ ಕೊಡಿ. ಬಿಡಿಯಾಗಿ ಮಾರುವ ಸೋಸಿದ ಆಯಿಲ್ ಕೊಳ್ಳಬೇಡಿ. ಸೀಲು, ಗುರುತು, ನಿಮ್ಮ ಗಾಡಿಯ ದರ್ಜೆ ಮೂರೂ ಸರಿಯಿದ್ದರೆ, ಶುದ್ಧೀಕರಿಸಿದ ಆಯಿಲನ್ನು ಧೈರ್ಯವಾಗಿ ಹಾಕಿ. ಅದನ್ನು ಪರೀಕ್ಷಿಸಿ ಕಳಿಸಿದವಳೂ ಯಾವುದೋ ಮನೆಯ ಸೊಸೆಯೇ. ಅವಳ ಕೆಲಸಕ್ಕೆ ಎಂಜಲು ಅನ್ನಬೇಡಿ.