ಗುಮ್ಮಟ ಹೇಳಿದ ಹೆಸರು

ಒಂದೂರಿತ್ತಂತೆ, ಊರಿಗೊಂದು ಗುಮ್ಮಟವಿತ್ತಂತೆ. ಅದರ ನೆರಳು ಮುಟ್ಟುವಷ್ಟು ಹತ್ತಿರ ಶಂಕ್ರೆವ್ವ ಎಂಬಾಕಿ ಇದ್ದಳಂತೆ. ಅವಳ ಬಾಯೊಳಗೆ ಒಂದು ಹೆಸರು ಉಸಿರು ಬಿಗಿಹಿಡಿದು ಅಡಗಿ ಕೂತಿತ್ತಂತೆ.

ಬಹಳ ಹಿಂದಿನದಲ್ಲ, ಎಪ್ಪತ್ನಾಲ್ಕರ ಮಾತು. ವಿಜಾಪುರದ ಶಂಕ್ರೆವ್ವನ ತಮ್ಮ ಗುರಣ್ಣ ಬಬಲೇಶ್ವರದಲ್ಲಿದ್ದ. ಹತ್ತಿ ಮಾರಲು ಸಾಂಗ್ಲಿಗೆ ಹೋದಾಗ ಈ ಹೆಸರು ಕೇಳಿ ಬಂದಿದ್ದ. ಜ್ಯೋತ್ಸ್ನಾ. ಅಂದರೆ ಬೆಳದಿಂಗಳು. ಸುತ್ತಲ ಊರುಗಳಲ್ಲಿ ಯಾರಿಗೂ ಇಲ್ಲದ ಹೆಸರು. ಹೆಂಡತಿ ಹಡೆಯಲು ತವರೂರು ತಿಕೋಟಾಕ್ಕೆ ಹೋಗಿದ್ದಳು.

“ಹೆಣ್ಣಾದ್ರ ಇದ ಹೆಸರಕ್ಕಾ. ತೊಟ್ಟಿಲಾಗ ಹಾಕಿ ನೀ ಕೂಸಿನ ಕಿವ್ಯಾಗ ಹೇಳೂತನಕ ಯಾರಿಗೂ ಗೊತ್ತಾಗಬಾರದು. ಹೊರಗ ಬಿತ್ತಂದ್ರ, ಮಂದಿ ಎಂಜಲ ಹೆಸರು ಬ್ಯಾಡಂತ ನಮ್ಮತ್ತಿ ಕಾಳವ್ವ ತನ್ನವ್ವನ ಹೆಸರ ಇಡಸ್ತಾಳ,” ಎಂದ ಗುರಣ್ಣ.

“ನನ್ನ ಬಾಯಿ ಹೊಲದಿಟ್ಟಂಗ ತಿಳ್ಕೊ. ಹೇಳೂ ದಿನ ಸರಿಯಾಗೇ ಹೇಳತೇನಿ,” ಎಂದು ಶಂಕ್ರೆವ್ವ ಮಾತು ಕೊಟ್ಟಳು.

ಆದರೆ ನಾಲಗೆ ಹೆಸರಿನ ನಡುವೆ ಎಡವುತ್ತಿತ್ತು. ಮನೆಯಲ್ಲಿ ಕಲಿಯೋಣವೆಂದರೆ ನೆರೆಹೊರೆಯವರ ಭಯ. ಒಂದು ಮಧ್ಯಾಹ್ನ ಗೋಳಗುಮ್ಮಟ ಹತ್ತಿದಳು. ಪಿಸುಗುಟ್ಟಿದ್ದನ್ನು ಅದು ತಿರುಗಿಸಿ ಹೇಳುತ್ತದೆ. ತನ್ನ ತಪ್ಪು ತಾನೇ ಕೇಳಬಹುದು. ಯಾರೂ ಕಾಣದಿದ್ದದ್ದು ನೋಡಿ ಗೋಡೆಗೆ ಬಾಯಿ ಹಚ್ಚಿದಳು. “ಜ್ಯೋತ್…” ಉಸಿರು ತೆಗೆದುಕೊಂಡು, “…ಸ್ನಾ.” ಗುಮ್ಮಟವೂ ನಡುವೆ ಉಸಿರು ತೆಗೆದುಕೊಂಡೇ ಹೇಳಿತು, ಮತ್ತೆ ಮತ್ತೆ.

ಹೆಣ್ಣೇ ಹುಟ್ಟಿತು. ತೊಟ್ಟಿಲ ದಿನ ಶಂಕ್ರೆವ್ವ ತಿಕೋಟಾದಲ್ಲಿ ಬಸ್ಸಿಳಿದಳು. ಬಾವಿಯ ಹತ್ತಿರ ಒಬ್ಬಾಕಿ ಕಂಕುಳಲ್ಲಿದ್ದ ಕೂಸನ್ನು ರಮಿಸುತ್ತಿದ್ದಳು: “ಅಳಬ್ಯಾಡ ನನ್ನವ್ವಾ, ಜ್ಯೋತ್… ಸ್ನಾ.” ಶಂಕ್ರೆವ್ವನ ಕೈಯಿಂದ ಕುಂಚಿಗೆಯ ಗಂಟು ಜಾರಿತು. ಮುಂದಿನ ಓಣಿಯ ಜೋಗುಳದಲ್ಲೂ ಅದೇ ಹೆಸರು. ಗುರಣ್ಣ ಹೆಂಡತಿಯ ಮುಂದೆ ಬಾಯಿ ಬಿಟ್ಟನೇ? ಕಾಳವ್ವನೇ ಬೇಕಂತ ಊರಿಗೆಲ್ಲ ಹಂಚಿಸಿದಳೇ?

“ಬಾ ಬೇ ಇಜಾಪುರದಾಕಿ,” ಎಂದಳು ಕಾಳವ್ವ ವಾರೆನಗೆಯಲ್ಲಿ. “ಊರಾಗ ಇಲ್ಲದ ಹೆಸರ ತರತೀಯಂತ ನಿನ್ನ ತಮ್ಮ ಹಿಗ್ಗತಿದ್ದ.”

ಗುರಣ್ಣ ಅಕ್ಕನನ್ನು ಮೂಲೆಗೆ ಕರೆದ. “ಯಾವ ಹೆಸರಂತ ನಮ್ಮಿಬ್ಬರಿಗಷ್ಟ ಗೊತ್ತಿತ್ತು. ನಾ ಹೇಳಿಲ್ಲ.”

“ಅಂದ್ರ ನಾ ಹೇಳೀನೇನು?”

“ಹಂಗ ಅಂದಿಲ್ಲ.” ಅಂದ ಹಾಗೆಯೇ ಇತ್ತು.

ಊರ ಬಳೆಗಾರ್ತಿ ರಾಜಬಿ ಬಾಣಂತಿಗೆ ಬಳೆ ಏರಿಸುತ್ತಿದ್ದಳು. ಶಂಕ್ರೆವ್ವನ ಕಣ್ಣು ಅವಳ ಮೇಲೆ ನಿಂತಿತು. “ಮನಿಮನಿ ತಿರುಗಾಕಿ ನೀನು. ಈ ಹೆಸರ ಊರಿಗೆ ಯಾರ ತಂದ್ರು?”

“ನಾನ ತಂದೇನ್ರಿ,” ಎಂದಳು ರಾಜಬಿ ಕೈ ನಿಲ್ಲಿಸದೆ. “ಮನೀಗೆ ಬಂದ ಪಾವಣ್ಯಾರ ಕೂಡ ಗುಮ್ಮಟ ಹತ್ತಿದ್ದೆ. ಅವರು ಮುಂದ ಇಳದ್ರು, ನಾ ದಣದು ಬಾಗಲ ಸಂದ್ಯಾಗ ಕುಂತಿದ್ದೆ. ಗುಮ್ಮಟಾನ ಕಿವ್ಯಾಗ ಹೇಳಿತು ನೋಡ್ರಿ. ಗುಮ್ಮಟ ಹೇಳಿದ ಹೆಸರ ಯಾರ ಬ್ಯಾಡಂತಾರ? ಈಗ ಅರಕೇರಿ ಊರಾಗೂ ಕೇಳಾಕತ್ತಾರ. ನಡುವ ಒಂದ ಉಸರ ತಗೋಬೇಕ್ರಿ, ಗುಮ್ಮಟ ಹಂಗ ಹೇಳೇತಿ.”

ಬಂದಾಗಿನಿಂದ ಎಲ್ಲರ ಮುಖದಲ್ಲಿ ಹುಡುಕಿದ ಕಳ್ಳ ತನ್ನ ಉಸಿರೇ. ಶಂಕ್ರೆವ್ವ ತಮ್ಮನತ್ತ ತಿರುಗಿದಳು. “ಅದು ಗುಮ್ಮಟ ಅಲ್ಲೋ ಗುರಣ್ಣ, ನಾನ. ಕಲಿಯಾಕ ಹೋಗಿದ್ದೆ.”

“ಮುಗೀತಲ್ಲ,” ಎಂದಳು ಕಾಳವ್ವ. “ಎಂಜಲ ಹೆಸರ ಬ್ಯಾಡ.”

“ಮೊದಲ ಇವರ ಬಾಯಿಂದನ ಬಂದೈತಿ. ಎಂಜಲ ಉಂಡವ್ರು ಊರ ಮಂದಿ, ಈ ಕೂಸಲ್ಲರಿ,” ಎಂದಳು ರಾಜಬಿ.

ಕಾಳವ್ವ ಅವಳನ್ನು ದಿಟ್ಟಿಸಿದಳು. “ಹಂಗಾರ ಹೇಳಲಿ. ನಡುವ ನಿಂತಳಂದ್ರ ನಮ್ಮವ್ವನ ಹೆಸರ.”

ಶಂಕ್ರೆವ್ವ ತೊಟ್ಟಿಲಿಗೆ ಬಾಗಿದಳು. ಪಕ್ಕದಲ್ಲೇ ಕಾಳವ್ವನೂ ಕಿವಿಗೊಟ್ಟು ಬಾಗಿದಳು. ಹೆಸರು ಹೇಳುವಾಗಿನ ರೂಢಿಯಂತೆ ಹೆಂಗಸರು ಶಂಕ್ರೆವ್ವನ ಬೆನ್ನಿಗೆ ಗುದ್ದಲು ಕೈಯೆತ್ತಿದರು. ಹೆಸರಿಗೆ ಮೊದಲು ಕೂಸಿನ ಕಿವಿಯಲ್ಲಿ “ಕುರ್ರ್…” ಎಂದಳು. ಗುದ್ದು ಬಿತ್ತು. ಆ ಗುದ್ದಿಗೆ ನಡುವೆ ನಿಲ್ಲಬೇಕಿದ್ದ ಉಸಿರು ಎಲ್ಲಿಯೂ ನಿಲ್ಲದೆ ಹೊರಬಂತು:

“ಜ್ಯೋತ್ಸ್ನಾ.”

ಕೂಸು ಕಣ್ಣು ಬಿಟ್ಟಿತು. ಈ ಸಲ ಹೆಸರು ತಿರುಗಿ ಬರಲಿಲ್ಲ.