ರಿಪೇರಿಯವನ ಮೂರು ಪ್ರಶ್ನೆ

"ಬಿದ್ದಿತ್ತಾ? ಒಳಗೆ ನೀರು ಹೋಗಿತ್ತಾ? ಬೇರೆ ಯಾರಾದ್ರೂ ಬಿಚ್ಚಿದ್ರಾ?"

ಅಂಗಡಿಗೆ ಯಾರು ಮಿಕ್ಸಿ ತಂದರೂ, ಫ್ಯಾನ್ ತಂದರೂ ಅವನು ಮೊದಲು ಕೇಳುತ್ತಿದ್ದುದು ಇದನ್ನೇ. ಉತ್ತರ ಬರುವವರೆಗೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ.

"ಏನೂ ಆಗಿಲ್ಲಪ್ಪ, ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು," ಎಂದರು ಮಿಕ್ಸಿ ತಂದಿದ್ದ ಪಕ್ಕದ ಬೀದಿಯ ಅಜ್ಜಿ.

"ಸುಮ್ಮಸುಮ್ಮನೆ ಯಾವುದೂ ನಿಲ್ಲಲ್ಲ ಅಜ್ಜಿ. ಯಾರೋ ಏನೋ ಮಾಡಿರ್ತಾರೆ."

"ನೀನು ಪೊಲೀಸ್ ಆಗಬೇಕಿತ್ತು ಕಣಯ್ಯ!"

ಅವನು ನಕ್ಕು ಮಿಕ್ಸಿಯನ್ನು ಪಕ್ಕಕ್ಕಿಟ್ಟ. ಬೇಗ ಬಾಗಿಲು ಹಾಕಬೇಕಿತ್ತು. ಅಂದು ಬಸುರಿ ಹೆಂಡತಿಯ ಮೊದಲ ಸ್ಕ್ಯಾನ್.

ಡಾಕ್ಟರಮ್ಮ ಪರದೆಯನ್ನು ಬಹಳ ಹೊತ್ತು ನೋಡಿದರು. "ಎದೆಬಡಿತ ಇದೆ. ಆದರೆ ತುಂಬ ನಿಧಾನ. ಬೆಳವಣಿಗೆಯೂ ಇರಬೇಕಾದಷ್ಟಿಲ್ಲ. ಈಗಲೇ ಏನೂ ಹೇಳೋಕಾಗಲ್ಲ. ಮುಂದಿನ ವಾರ ಇನ್ನೊಂದ್ಸಲ ನೋಡೋಣ."

"ಅಲ್ಲೀವರೆಗೆ ನಾನೇನು ಮಾಡ್ಲಿ?" ಎಂದಳು ಹೆಂಡತಿ.

"ಕಾಯೋದು. ಅದೇ ಕಷ್ಟದ ಕೆಲಸ."

ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಇಬ್ಬರೂ ಕುಳಿತರು. ಅವಳು ಹೊಟ್ಟೆಯ ಮೇಲಿನ ಜೆಲ್ ಸರಿಯಾಗಿ ಒರೆಸಿಕೊಂಡಿರಲಿಲ್ಲ, ಬಟ್ಟೆ ಅಂಟಿಕೊಂಡಿತ್ತು. ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನು ಬಾಯಿ ತೆರೆದ.

"ಎಲ್ಲಾದ್ರೂ ಬಿದ್ದಿದ್ಯಾ? ಭಾರ ಎತ್ತಿದ್ಯಾ? ನನಗೆ ಹೇಳದೆ ಮಾತ್ರೆ ಏನಾದ್ರೂ ತಗೊಂಡ್ಯಾ?"

ಅವಳು ತೋಳು ಬಿಟ್ಟಳು. "ಇಲ್ಲ."

ಗಾಬರಿಯಿಂದ ಕೇಳಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳೇನಲ್ಲ. ಆದರೆ ಆ ವಾರ ಅವಳು ಅಂಚೆ ಕಚೇರಿಗೆ ರಜೆ ಹಾಕಿದಳು, ಕಿಟಕಿಯ ಮೇಲಿನ ಚಿಲಕಕ್ಕೆ ಕೈ ಎತ್ತುವುದನ್ನು ಬಿಟ್ಟಳು, ಕೆಮ್ಮು ಬಂದರೂ ತಡೆದು ತಡೆದು ಕೆಮ್ಮಿದಳು. ಒಂದು ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದಳು.

"ರೀ, ಒಂದು ವಿಷಯ ಹೇಳಿರ್ಲಿಲ್ಲ. ಅವತ್ತೊಂದಿನ ಬಸ್ ತಪ್ಪುತ್ತೆ ಅಂತ ಓಡಿದ್ದೆ."

ಅದರಿಂದೇನೂ ಆಗಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅವನು ಹೇಳಿದ್ದು ಬೇರೆ.

"ಯಾಕೆ ಓಡಿದೆ?"

ಎರಡನೆಯ ಸ್ಕ್ಯಾನಿನಲ್ಲಿ ಪರದೆಯ ಮೇಲೆ ಏನೂ ಮಿಸುಕಲಿಲ್ಲ. ಡಾಕ್ಟರಮ್ಮ ಮೆಲ್ಲಗೆ ಹೇಳಿದರು, "ಬಡಿತ ನಿಂತಿದೆಯಮ್ಮ."

"ಬಸ್ಸಿಗೆ ಓಡಿದ್ದಕ್ಕಾ ಡಾಕ್ಟ್ರೇ?"

ಡಾಕ್ಟರಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಖಂಡಿತ ಅಲ್ಲ. ಇಷ್ಟು ಬೇಗ ಹೀಗಾದ್ರೆ, ಸಾಮಾನ್ಯವಾಗಿ ಭ್ರೂಣ ರೂಪುಗೊಳ್ಳುವಾಗಲೇ ಏನೋ ವ್ಯತ್ಯಾಸ ಆಗಿರುತ್ತೆ. ನೀವು ಓಡಿದ್ದಕ್ಕಲ್ಲ, ಕೂತಿದ್ದಕ್ಕಲ್ಲ. ಇದನ್ನ ಯಾರು ನಿಮ್ಮ ತಲೆಗೆ ತುಂಬಿದ್ರು?"

ಹೆಂಡತಿ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡಳು. ಗಂಡನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವನಿಗನ್ನಿಸಿತು.

ಮನೆಯ ಬಾಗಿಲಲ್ಲೇ ಅವನ ಅಮ್ಮ ನಿಂತಿದ್ದಳು. "ಏನಾಯ್ತೋ? ಏನು ಮಾಡ್ಕೊಂಡ್ಳು?"

"ಅವಳೇನೂ ಮಾಡಿಲ್ಲಮ್ಮ. ಮಗು ಉಳೀಲಿಲ್ಲ, ಅಷ್ಟೇ. ಅವಳನ್ನ ವಾರವೆಲ್ಲ ಕಟಕಟೇಲಿ ನಿಲ್ಲಿಸಿದ್ದು ನಾನು."

ಅಮ್ಮ ಪಕ್ಕಕ್ಕೆ ಸರಿದು ಸೊಸೆಯ ಕೈ ಹಿಡಿಯಲು ಹೋದಳು. ಹೆಂಡತಿ ಚಪ್ಪಲಿ ಬಿಡುತ್ತಾ, ಯಾರನ್ನೂ ನೋಡದೆ ಹೇಳಿದಳು: "ಈ ಮಾತನ್ನ ಅವತ್ತು ಆ ಕುರ್ಚಿ ಮೇಲೆ ಹೇಳಿದ್ರೆ ಸಾಕಿತ್ತು ರೀ."

ಕೆಲವು ದಿನ ಅಂಗಡಿ ತೆರೆಯಲಿಲ್ಲ. ತೆರೆದ ದಿನ ಅಜ್ಜಿ ಮಿಕ್ಸಿಗೆ ಬಂದರು.

"ಎಲ್ಲಿ ಹಾಳಾಗಿ ಹೋಗಿದ್ಯೋ? ಪಾಪ, ಸೊರಗಿಹೋಗಿದ್ದೀಯ. ನೀನು ಅಂದದ್ದು ಸರಿ ಕಣಪ್ಪ. ನಮ್ಮ ಸೊಸೇನೇ ಏನೋ ಮಾಡಿರ್ಬೇಕು ಅಂತ ಚೆನ್ನಾಗಿ ಬೈದೆ. ಎರಡು ದಿನದಿಂದ ಮಾತೇ ಆಡ್ತಿಲ್ಲ ಮಹಾರಾಣಿ."

ಅವನು ಮಿಕ್ಸಿ ಬಿಚ್ಚಿದ. ಒಳಗೆ ತಂತಿಯ ಬೆಸುಗೆ ಬಿಟ್ಟಿತ್ತು. ತಯಾರಾದಾಗಲೇ ಸರಿಯಾಗಿ ಕೂತಿರದ ಬೆಸುಗೆ. ಅಜ್ಜಿಯನ್ನು ಹತ್ತಿರ ಕರೆದು ತೋರಿಸಿದ.

"ಯಾರೂ ಏನೂ ಮಾಡಿಲ್ಲ ಅಜ್ಜಿ. ನಾನು ಅಂದದ್ದು ತಪ್ಪು."

"ಆಯ್ತು ಬಿಡು, ಯಾವಾಗಲಾದ್ರೂ ಹೇಳ್ತೀನಿ ಅವಳಿಗೆ."

"ಬೇಡ," ಎಂದ ಅವನು, ಮಿಕ್ಸಿಯನ್ನು ಅವರ ಚೀಲಕ್ಕಿಳಿಸುತ್ತಾ. "ಈಗಲೇ ಹೋಗಿ ಹೇಳಿ. ಒಳಗೆ ಹೋಗೋಕೆ ಮುಂಚೆ, ಬಾಗಿಲಲ್ಲೇ ಹೇಳಿಬಿಡಿ."